ಟ್ರ್ಯಾಕ್ಟರಿನವನ ಕಾರು

ಬೊಲೊನ್ಯಾ
16 ನವೆಂಬರ್ 2025, ಭಾನುವಾರ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ನೀವು, ಅಮ್ಮ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮೊಬೈಲಿನಲ್ಲಿ ನೀವು ಓದುವುದಿಲ್ಲವೆಂದು ಗೊತ್ತಿರುವುದರಿಂದ, ಅಕ್ಷರ ದೊಡ್ಡದು ಮಾಡಿ ತಿಪಟೂರಿನಲ್ಲಿ ಪ್ರಿಂಟ್ ತೆಗೆಸಿಕೊಡು ಎಂದು ತಮ್ಮನಿಗೆ ಹೇಳಿದ್ದೇನೆ. ಈ ಪತ್ರದಲ್ಲಿ ಮನೆಯ ಸಮಾಚಾರ ಕಡಿಮೆ, ಇಂಜಿನ್ನಿನ ಸಮಾಚಾರ ಜಾಸ್ತಿ. ಅಮ್ಮನಿಗೆ ಬೇರೆ ಬರೆಯುತ್ತೇನೆ. ಅವಳು ಕೋಪಿಸಿಕೊಳ್ಳದಿರಲಿ.

ಹೋದ ವಾರ ಫೋನಿನಲ್ಲಿ, ಲ್ಯಾಂಬೋರ್ಗಿನಿ ಎಂದರೆ ಮೊದಲು ಟ್ರ್ಯಾಕ್ಟರು, ಕಾರು ಬಂದದ್ದು ಆಮೇಲೆ ಎಂದು ನಾನು ಹೇಳಿದಾಗ ನೀವು ನಕ್ಕಿರಿ. ತಮ್ಮನ ಮೊಬೈಲಿನ ಪರದೆಯ ಮೇಲಿರುವ ಆ ಹಳದಿ ಕಾರಿಗೂ ನಮ್ಮ ಶೆಡ್ಡಿಗೆ ಬರುವ ಗಾಡಿಗಳಿಗೂ ಎತ್ತಣ ಸಂಬಂಧ ಎಂದಿರಿ. ಆಮೇಲೆ ಸ್ವಲ್ಪ ಯೋಚಿಸಿ, "ಟ್ರ್ಯಾಕ್ಟರ್ ಮಾಡುವವನಿಗೆ ಆ ಶೋಕಿ ಯಾಕಮ್ಮಾ ಬಂತು?" ಎಂದು ಕೇಳಿದಿರಿ. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡಳು. ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿದುಕೊಂಡಿತ್ತು. ಅದಕ್ಕಾಗಿ ನಿನ್ನೆ ಫೂನೊ ಎಂಬ ಊರಿಗೆ ಹೋಗಿ ಬಂದೆ. ಬೊಲೊನ್ಯಾದಿಂದ ಉತ್ತರಕ್ಕೆ ಹತ್ತಿರದಲ್ಲೇ ಇದೆ, ಅಲ್ಲಿ ಫೆರುಚ್ಚೊ ಲ್ಯಾಂಬೋರ್ಗಿನಿಯ ಹೆಸರಿನ ಮ್ಯೂಸಿಯಂ ಉಂಟು. ದಾರಿಯುದ್ದಕ್ಕೂ ಮಂಜು. ಈ ಸೀಮೆಯಲ್ಲಿ ಗುಡ್ಡವೆಂಬುದೇ ಇಲ್ಲ. ನೆಲ ಅಂಗೈಯಂತೆ ಸಮ, ಉತ್ತ ಹೊಲ, ಎಲೆ ಉದುರಿದ ದ್ರಾಕ್ಷಿ ಸಾಲು, ಅದರಾಚೆಗೆ ಬರೀ ಬಿಳುಪು.

ಫೆರುಚ್ಚೊ ಹುಟ್ಟಿದ್ದು ಇದೇ ಬಯಲಿನಲ್ಲಿ, 1916ರಲ್ಲಿ, ಚೆಂತೊ ಪಟ್ಟಣದ ಪಕ್ಕದ ರೆನಾತ್ಸೊ ಎಂಬ ಹಳ್ಳಿಯಲ್ಲಿ. ತಂದೆತಾಯಿ ರೈತರು. ಹುಡುಗನಿಗೆ ಮಾತ್ರ ಬೇಸಾಯಕ್ಕಿಂತ ಬೇಸಾಯದ ಯಂತ್ರಗಳ ಮೇಲೆ ಕಣ್ಣು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ಮೆಕ್ಯಾನಿಕ್ ಆಗಿ ರೋಡ್ಸ್ ದ್ವೀಪದಲ್ಲಿದ್ದ, ಕೊನೆಗೆ ಬ್ರಿಟಿಷರ ಕೈಗೆ ಸೆರೆಸಿಕ್ಕ. 1946ರಲ್ಲಿ ಊರಿಗೆ ಮರಳಿದಾಗ ಇಲ್ಲಿನ ರೈತರ ಬಳಿ ಉಳಲು ಟ್ರ್ಯಾಕ್ಟರಿಲ್ಲ, ಕೊಳ್ಳಲು ದುಡ್ಡಿಲ್ಲ. ಆದರೆ ಸೈನ್ಯ ಬಿಟ್ಟುಹೋದ ಗುಜರಿ ಮಾತ್ರ ರಾಶಿ ರಾಶಿ. ಆ ಗುಜರಿಯಿಂದ ಇಂಜಿನ್ನು, ಗೇರ್ ಬಾಕ್ಸು, ಆಕ್ಸಲ್ಲು ಆರಿಸಿ ತಂದು ಆತ ಟ್ರ್ಯಾಕ್ಟರ್ ಕಟ್ಟಿದ. ಅದಕ್ಕೆ ಕಾರಿಯೋಕಾ ಎಂದು ಹೆಸರು. 1948ರಲ್ಲಿ ಚೆಂತೊದಲ್ಲಿ ಕಂಪನಿಯೇ ಶುರುವಾಯಿತು.

ಅಪ್ಪ, ಮ್ಯೂಸಿಯಂನಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಕಾರಿನ ಮುಂದಲ್ಲ, ಈ ಕಾರಿಯೋಕಾ ಮುಂದೆ. ಅದಕ್ಕೆ ಹಾಕಿದ್ದು ಮಾರಿಸ್ ಕಂಪನಿಯ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಯುದ್ಧ ಮುಗಿದ ಹೊಸತರಲ್ಲಿ ಪೆಟ್ರೋಲಿನ ಬೆಲೆ ರೈತನ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಆತ ಇಂಧನವನ್ನು ಆವಿ ಮಾಡುವ ಒಂದು ಉಪಕರಣ ಜೋಡಿಸಿದ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡುವುದು, ಇಂಜಿನ್ ಬಿಸಿಯಾದ ಮೇಲೆ ಅಗ್ಗದ ಡೀಸೆಲ್ಲಿಗೆ ತಿರುಗಿಸುವುದು. ಓದುತ್ತಿದ್ದಂತೆ ನನಗೆ ಮೈ ಜುಮ್ಮೆಂದಿತು. ತಾತ ಕೆರೆ ಹಿಂದಿನ ಬಾವಿಗೆ ಇಟ್ಟಿದ್ದ ಸೀಮೆಎಣ್ಣೆ ಪಂಪು ಇದೇ ತಾನೆ? ಒಂದು ಮುಚ್ಚಳ ಪೆಟ್ರೋಲು, ಹಗ್ಗ ಸುತ್ತಿ ಒಂದು ಎಳೆತ, ಆಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆ. ಪಕ್ಕದಲ್ಲಿದ್ದ ಮ್ಯೂಸಿಯಂನ ಹುಡುಗನಿಗೆ ನನ್ನ ಅರೆಬರೆ ಇಟಾಲಿಯನ್ನಿನಲ್ಲಿ ಇದನ್ನು ಹೇಳಿದೆ. ಅವನು ಗಂಭೀರವಾಗಿ ಒಂದು ಪ್ರಶ್ನೆ ಕೇಳಿದ, ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಕೊನೆಗೆ ಬರೆಯುತ್ತೇನೆ.

ಟ್ರ್ಯಾಕ್ಟರಿನಲ್ಲಿ ದುಡ್ಡು ಬಂತು. ಮುಂದೆ ಬರ್ನರು, ಏರ್ ಕಂಡೀಷನರುಗಳ ಕಾರ್ಖಾನೆಯೂ ಆಯಿತು. ದುಡ್ಡು ಬಂದ ಮೇಲೆ ಒಳ್ಳೊಳ್ಳೆಯ ಕಾರುಗಳೂ ಬಂದವು, ಅವುಗಳಲ್ಲಿ ಫೆರಾರಿಯೂ ಇತ್ತು. ಇಲ್ಲಿಂದ ಮುಂದಿನದು ಈ ಊರಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಕಥೆ. ಆತನ ಫೆರಾರಿಯ ಕ್ಲಚ್ ಪದೇ ಪದೇ ಕೈಕೊಡುತ್ತಿತ್ತಂತೆ. ಬೇಸತ್ತು ತನ್ನ ಕಾರ್ಖಾನೆಯಲ್ಲೇ ಬಿಚ್ಚಿಸಿ ನೋಡಿದರೆ, ತನ್ನ ಟ್ರ್ಯಾಕ್ಟರಿಗೆ ಹಾಕುವ ಕ್ಲಚ್ಚೇ ಅಲ್ಲಿಯೂ ಕೂತಿದೆ, ಬೆಲೆ ಮಾತ್ರ ಎಷ್ಟೋ ಪಟ್ಟು! ಹೋಗಿ ಎಂಜೊ ಫೆರಾರಿಗೆ ಹೇಳಿದ್ದಕ್ಕೆ, ನಿನಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ಫೆರಾರಿ ಓಡಿಸಲು ಬರುವುದಿಲ್ಲ ಎಂದು ಅವರು ಮುಖಕ್ಕೆ ಹೊಡೆದಂತೆ ಹೇಳಿದರಂತೆ. ಈ ಕಥೆಯನ್ನು ಹೇಳುವವರು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ನಾನು ಅರ್ಧ ನಂಬಿದ್ದೇನೆ. ಕ್ಲಚ್ ಸುಟ್ಟದ್ದು ನಿಜವಿರಬಹುದು, ಬೈಸಿಕೊಂಡದ್ದೂ ನಿಜವಿರಬಹುದು. ಆದರೆ ಬರೀ ಸಿಟ್ಟಿಗೆ ಯಾರೂ ಕಾರ್ಖಾನೆ ಕಟ್ಟುವುದಿಲ್ಲ. ಟ್ರ್ಯಾಕ್ಟರ್ ಭಾಗಕ್ಕೂ ದುಬಾರಿ ಕಾರಿನ ಭಾಗಕ್ಕೂ ಇರುವ ಲಾಭದ ಅಂತರ ಆ ವ್ಯಾಪಾರಿಯ ಕಣ್ಣಿಗೆ ಬಿದ್ದಿತ್ತು ಎಂಬುದು ನನ್ನ ಅನುಮಾನ. ನೀವು ಕೇಳಿದ ಶೋಕಿಗೆ ನನ್ನ ಉತ್ತರ ಅಷ್ಟೇ. ಅಂತೂ 1963ರಲ್ಲಿ ಸಾಂತಾಗಾತ ಬೊಲೊನೇಸೆ ಎಂಬ ಊರಿನಲ್ಲಿ ಕಾರಿನ ಕಂಪನಿ ಹುಟ್ಟಿತು. ಫೆರಾರಿಯನ್ನು ಬಿಟ್ಟುಬಂದಿದ್ದ ಜೋತ್ತೊ ಬಿಜ್ಜಾರೀನಿ ಎಂಬ ಇಂಜಿನಿಯರ್ ಹನ್ನೆರಡು ಸಿಲಿಂಡರಿನ ಇಂಜಿನ್ ವಿನ್ಯಾಸ ಮಾಡಿಕೊಟ್ಟರು.

ಮೊದಲ ಕಾರುಗಳ ವಿಷಯ ಬಿಡಿ, ಅವು ಒಳ್ಳೆಯ ಕಾರುಗಳು, ಅಷ್ಟೆ. ನಾನು ಹೇಳಬೇಕಾದದ್ದು ಅವುಗಳ ನಂತರ ಬಂದ ಮಿಯುರಾ ಎಂಬ ಕಾರಿನ ವಿಷಯ.

ಮಾಲೀಕನಿಗೆ ರೇಸಿನ ಗೀಳು ಬೇಡವಾಗಿತ್ತು. 1948ರಲ್ಲಿ ತಾನೇ ಕೈಯಾರೆ ಮಾರ್ಪಡಿಸಿದ ಪುಟ್ಟ ಫಿಯಟ್ ಹತ್ತಿ ಮಿಲ್ಲೆ ಮಿಲ್ಯಾ ಎಂಬ ದೊಡ್ಡ ರೇಸಿಗೆ ಹೋಗಿ, ಒಂದು ಹೋಟೆಲಿನ ಗೋಡೆ ಒಡೆದು ಒಳನುಗ್ಗಿಸಿದ್ದ ಮನುಷ್ಯ ಆತ, ಅಲ್ಲಿಗೆ ಬುದ್ಧಿ ಬಂದಿರಬೇಕು. ಆದರೆ ಕಾರ್ಖಾನೆಯಲ್ಲಿದ್ದ ಹುಡುಗರಿಗೆ ತಲೆತುಂಬ ರೇಸೇ. ಜಾನ್‌ಪಾವ್ಲೊ ದಲ್ಲಾರಾ, ಪಾವ್ಲೊ ಸ್ತಾಂತ್ಸಾನಿ ಎಂಬ ಇಬ್ಬರು ಇಂಜಿನಿಯರುಗಳು, ನ್ಯೂಜಿಲೆಂಡಿನಿಂದ ಬಂದಿದ್ದ ಬಾಬ್ ವಾಲೇಸ್ ಎಂಬ ಪರೀಕ್ಷಾ ಚಾಲಕ. ಮೂವರಲ್ಲಿ ಯಾರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ರಾತ್ರಿ ಕೂತು ತಮ್ಮ ಕನಸಿನ ಕಾರಿನ ನಕ್ಷೆ ಬರೆದರು. ತೋರಿಸಿದಾಗ ಮಾಲೀಕ ಬೈಯಲಿಲ್ಲ. ಹೆಚ್ಚು ಮಾರಾಟವಾಗದಿದ್ದರೂ ಪ್ರಚಾರಕ್ಕಾದರೂ ಆಗುತ್ತದೆ, ಮಾಡಿ ಎಂದ.

ಅವರ ಉಪಾಯ ನಿಮಗೆ ಹಿಡಿಸುತ್ತದೆ, ಸ್ವಲ್ಪ ಸಾವಧಾನವಾಗಿ ಓದಿ. ರೇಸಿನ ಕಾರುಗಳಲ್ಲಿ ಇಂಜಿನ್ನನ್ನು ಚಾಲಕನ ಬೆನ್ನ ಹಿಂದೆ, ಹಿಂದಿನ ಆಕ್ಸಲ್ಲಿನ ಮುಂದೆ ಇಡುತ್ತಿದ್ದರು. ಭಾರ ನಡುವಿನಲ್ಲಿದ್ದರೆ ತಿರುವಿನಲ್ಲಿ ಗಾಡಿ ಚುರುಕು. ಆದರೆ ಹನ್ನೆರಡು ಸಿಲಿಂಡರ್ ಎಂದರೆ ಆರಾರರ ಎರಡು ಸಾಲು. ಅದನ್ನು ಉದ್ದಕ್ಕೆ ಇಟ್ಟು ಹಿಂದೆ ಗೇರ್ ಬಾಕ್ಸ್ ಸೇರಿಸಿದರೆ ಕಾರು ಹಾವಿನಂತೆ ಉದ್ದವಾಗುತ್ತದೆ. ಆಗ ಇಂಗ್ಲೆಂಡಿನ ಪುಟಾಣಿ ಮಿನಿ ಕಾರಿನಲ್ಲಿ ಇಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದರು, ಗೇರುಗಳೂ ಅದರೊಂದಿಗೇ ಒಂದೇ ಎಣ್ಣೆಯಲ್ಲಿ ಓಡುತ್ತಿದ್ದವು. ಬಡವರ ಕಾರಿನ ಈ ಯುಕ್ತಿಯನ್ನು ಈ ಹುಡುಗರು ಸಾಹುಕಾರರ ಕಾರಿಗೆ ತಂದರು. 3,929 ಸಿ.ಸಿ.ಯ ಇಂಜಿನ್ನನ್ನು ಅಡ್ಡ ತಿರುಗಿಸಿ, ಇಂಜಿನ್ನಿಗೂ ಗೇರ್ ಬಾಕ್ಸಿಗೂ ಸೇರಿ ಒಂದೇ ಎರಕ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡೂವರೆ ಮೀಟರ್, ಅಷ್ಟೇ. ಭಾರ ಇಳಿಸಲು ಚಾಸಿಯ ತಗಡಿಗೆಲ್ಲ ತೂತು ಕೊರೆದಿದ್ದರು, ದೋಸೆ ಕಾವಲಿಯ ಮೇಲೆ ತೂತು ಬಿದ್ದ ನೀರ್ದೋಸೆಯಂತೆ.

1965ರ ನವೆಂಬರಿನಲ್ಲಿ ಟ್ಯೂರಿನ್ ಪ್ರದರ್ಶನಕ್ಕೆ ಬರೀ ಆ ಚಾಸಿಯನ್ನೇ ಹೊತ್ತೊಯ್ದು ಇಟ್ಟರು. ಮೈಯಿಲ್ಲ, ಬಾಗಿಲಿಲ್ಲ, ಎಲುಬು ಮತ್ತು ಇಂಜಿನ್ನು ಮಾತ್ರ. ಜನ ಮುತ್ತಿಕೊಂಡರಂತೆ. ಕಾರಿನ ಮೈ ಕಟ್ಟುವ ನುಚ್ಚೊ ಬೆರ್ತೋನೆ ಬಂದು ನೋಡಿ, ಈ ಕಾಲಿಗೆ ತಕ್ಕ ಜೋಡು ಹೊಲಿಯುವವನು ನಾನು ಎಂದರಂತೆ. ಆ ಜೋಡನ್ನು ನಿಜಕ್ಕೂ ಹೊಲಿದದ್ದು ಅವರ ಬಳಿ ಹೊಸದಾಗಿ ಸೇರಿದ್ದ ಮಾರ್ಚೆಲ್ಲೊ ಗಾಂದೀನಿ. ವಾದ್ಯವೃಂದದ ನಿರ್ದೇಶಕರ ಮಗ, ಆಗ 27 ವರ್ಷ. ನಾಲ್ಕು ತಿಂಗಳಲ್ಲಿ, 1966ರ ಮಾರ್ಚ್‌ನಲ್ಲಿ, ಕಿತ್ತಳೆ ಬಣ್ಣದ ಕಾರು ಜಿನೀವಾ ಪ್ರದರ್ಶನದಲ್ಲಿ ನಿಂತಿತ್ತು. ಅವಸರ ಎಷ್ಟಿತ್ತೆಂದರೆ ಇಂಜಿನ್ ಕೂರಿಸುವಷ್ಟು ಸಮಯ ಸಿಕ್ಕಿರಲಿಲ್ಲ. ಆ ಜಾಗಕ್ಕೆ ತೂಕ ತುಂಬಿ, ಯಾರೂ ತೆರೆಯದಂತೆ ಮುಚ್ಚಳಕ್ಕೆ ಬೀಗ ಹಾಕಿದ್ದರಂತೆ! ಜಾತ್ರೆಯಲ್ಲಿ ಹಲ್ಲು ನೋಡಲು ಬಿಡದೆ ಎತ್ತು ಮಾರುವವರ ಬಗ್ಗೆ ನೀವು ಹೇಳುತ್ತಿದ್ದದ್ದು ನೆನಪಾಯಿತು.

ಎತ್ತಿನ ಮಾತು ಬಂದದ್ದರಿಂದ ಹೆಸರಿನ ವಿಷಯ. ಮಿಯುರಾ ಎಂಬುದು ಸ್ಪೇನಿನಲ್ಲಿ ಕಾಳಗದ ಹೋರಿ ಸಾಕುವ ಒಂದು ಮನೆತನ. ಆ ಹೋರಿಗಳಿಗೂ ಅದೇ ಹೆಸರು ನಿಂತಿದೆ, ನಮ್ಮಲ್ಲಿ ಹಳ್ಳಿಕಾರ್ ಎಂದರೆ ಸಾಕುವವರೂ ಹೌದು, ರಾಸೂ ಹೌದು ಎನ್ನುವಂತೆ. ಫೆರುಚ್ಚೊನದು ವೃಷಭ ರಾಶಿ, ಕಂಪನಿಯ ಗುರುತೂ ಗೂಳಿ. ಈ ಕಾರಿನ ಎರಡೂ ಬಾಗಿಲು ತೆರೆದಿಟ್ಟು ಎದುರಿನಿಂದ ನೋಡಿದರೆ ಕೊಂಬುಗಳಂತೆ ಕಾಣುತ್ತವೆ.

ಮ್ಯೂಸಿಯಂನಲ್ಲಿರುವುದು ಫೆರುಚ್ಚೊ ತಾನೇ ಇಟ್ಟುಕೊಂಡಿದ್ದ ಮಿಯುರಾ, ಎಸ್‌ವಿ ಎಂಬ ಕೊನೆಯ ಮಾದರಿ. ಚಿತ್ರದಲ್ಲಿ ನೋಡಿದಾಗ ದೊಡ್ಡದೆನಿಸುತ್ತದೆ. ಹತ್ತಿರ ಹೋದರೆ ನನ್ನ ಸೊಂಟದಿಂದ ಸ್ವಲ್ಪ ಮೇಲಕ್ಕೆ ಬರುತ್ತದೆ, ಅಷ್ಟೇ. ಎತ್ತರ 105 ಸೆಂಟಿಮೀಟರ್, ನಮ್ಮ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕಿಂತ ಕುಳ್ಳು! ಎಲ್ಲಿಯೂ ಕೋಪದ ಗೆರೆಯಿಲ್ಲ. ಈಗಿನ ಕಾರುಗಳು ಜಗಳಕ್ಕೆ ನಿಂತಂತಿರುತ್ತವೆ, ಇದು ಮಲಗಿ ಮೆಲುಕು ಹಾಕುವ ಹೋರಿಯ ಬೆನ್ನಿನಂತೆ ಇಳಿದು ಏರುತ್ತದೆ. ಬಾಗಿಲಿನ ಹಿಡಿಕೆ ಹುಡುಕಿದರೆ ಸಿಗುವುದಿಲ್ಲ, ಗಾಳಿ ಹೋಗುವ ಪಟ್ಟಿಗಳ ನಡುವೆ ಅಡಗಿದೆ. ಹಿಂದೆ ಗಾಜಿನ ಬದಲು ಕಿಟಕಿ ಪಟ್ಟಿಯಂಥ ಕಪ್ಪು ಹಲಗೆಗಳ ಸಾಲು, ಇಂಜಿನ್ನಿನ ಕಾವು ಹೊರಹೋಗಲು. ಮೊದಲ ಮಾದರಿಗಳಲ್ಲಿ ಆಕಾಶ ನೋಡುತ್ತಾ ಒರಗಿದ ದೀಪಗಳ ಸುತ್ತ ಕಪ್ಪು ಪಟ್ಟಿಗಳಿದ್ದವು, ಜನ ಅದನ್ನು ರೆಪ್ಪೆಗೂದಲು ಎಂದು ಕರೆದರು. ಆ ದೀಪಗಳು ಬಂದದ್ದು ಅಗ್ಗದ ಫಿಯಟ್ 850 ಸ್ಪೈಡರ್ ಕಾರಿನಿಂದ! ಎಸ್‌ವಿ ಮಾದರಿಯಲ್ಲಿ ರೆಪ್ಪೆ ತೆಗೆದುಬಿಟ್ಟರು. ನನಗೆ ರೆಪ್ಪೆ ಇರುವುದೇ ಚೆಂದ.

ಈಗ ನೀವು ಕಾಯುತ್ತಿರುವ ಭಾಗ, ದೋಷಗಳು. ಇಂಜಿನ್ನಿಗೂ ಗೇರ್ ಬಾಕ್ಸಿಗೂ ಒಂದೇ ಎಣ್ಣೆ ಎಂದೆನಲ್ಲ, ಗೇರಿನಿಂದ ಉದುರಿದ ಲೋಹದ ಪುಡಿ ಇಂಜಿನ್ನಿಗೆ ಹೋದರೆ ಗತಿಯೇನು ಎಂದು ನೀವು ಆಗಲೇ ಗೊಣಗಿರುತ್ತೀರಿ. ಅದೇ ತಕರಾರು ಇಲ್ಲಿಯೂ ಇತ್ತು, ಕೊನೆಕೊನೆಯ ಎಸ್‌ವಿಗಳಲ್ಲಿ ಎಣ್ಣೆ ಬೇರೆ ಬೇರೆ ಮಾಡಿದರು. ಪೆಟ್ರೋಲ್ ಟ್ಯಾಂಕ್ ಮೂತಿಯಲ್ಲಿತ್ತು. ಪೆಟ್ರೋಲ್ ಖರ್ಚಾದಂತೆ ಮುಂಭಾಗ ಹಗುರಾಗಿ, ಜೋರು ವೇಗದಲ್ಲಿ ಮೂತಿ ಮೇಲೇಳಲು ನೋಡುತ್ತಿತ್ತು. ಗಂಟೆಗೆ 270 ಕಿಲೋಮೀಟರ್ ದಾಟುವ ಕಾರಿನಲ್ಲಿ ಸ್ಟಿಯರಿಂಗ್ ಹಗುರಾಗುವುದೆಂದರೆ ಎದೆ ಬಾಯಿಗೆ ಬಂದಂತೆ. ಮೇಲೆ ಸಾಲಾಗಿ ಕೂತ ನಾಲ್ಕು ವೆಬರ್ ಕಾರ್ಬುರೇಟರುಗಳಿಂದ ಪೆಟ್ರೋಲ್ ತೊಟ್ಟಿಕ್ಕಿ ಬಿಸಿ ಇಂಜಿನ್ನಿಗೆ ಬಿದ್ದು ಹೊತ್ತಿ ಉರಿದ ಮಿಯುರಾಗಳೂ ಉಂಟು. ಕೂತವರ ತಲೆಯ ಹಿಂದೆ ಒಂದು ಗಾಜು, ಅದರಾಚೆಗೇ ಹನ್ನೆರಡು ಸಿಲಿಂಡರು. ಸೆಕೆ, ಸದ್ದು ಎರಡೂ ಧಾರಾಳ. ರಾತ್ರಿ ಕೂತು ಕನಸು ಬರೆದ ಹುಡುಗರ ಕಾರು ಎಂಬುದು ಅದರ ಚೆಲುವಿನಲ್ಲಿ ಕಾಣುವಷ್ಟೇ ಈ ತಪ್ಪುಗಳಲ್ಲಿಯೂ ಕಾಣುತ್ತದೆ. ಆದರೂ 350 ಎಚ್‌ಪಿಯಿಂದ ಶುರುವಾಗಿ 1968ರ ಎಸ್ ಮಾದರಿಯಲ್ಲಿ 370, 1971ರ ಎಸ್‌ವಿಯಲ್ಲಿ 385ಕ್ಕೆ ಏರುತ್ತಾ, 1973ರವರೆಗೆ 760ರಷ್ಟು ಕಾರುಗಳು ತಯಾರಾದವು. ಪ್ರಚಾರಕ್ಕೆಂದು ಒಪ್ಪಿದ ಕಾರು!

ಕೊನೆಗೆ ಮನೆ ಅಲ್ಲಾಡಿದ್ದು ಟ್ರ್ಯಾಕ್ಟರಿನ ಕಡೆಯಿಂದಲೇ. ಬೊಲಿವಿಯಾ ದೇಶದ ದೊಡ್ಡ ಟ್ರ್ಯಾಕ್ಟರ್ ಆರ್ಡರ್ ಅಲ್ಲಿ ಸರ್ಕಾರ ಬದಲಾದ ಮೇಲೆ ಕೈತಪ್ಪಿತು, ಕಾರ್ಖಾನೆಗಳಲ್ಲಿ ಮುಷ್ಕರಗಳ ಕಾಲ ಬೇರೆ. 1972ರಲ್ಲಿ ಕಾರಿನ ಕಂಪನಿಯ ಹೆಚ್ಚಿನ ಪಾಲು ಮಾರಿದ, ಮರುವರ್ಷ ಟ್ರ್ಯಾಕ್ಟರ್ ಕಂಪನಿ ಸಾಮೆ ಎಂಬ ಸಂಸ್ಥೆಯ ಪಾಲಾಯಿತು, 1974ಕ್ಕೆ ಕಾರಿನಲ್ಲಿ ಉಳಿದ ಪಾಲೂ ಹೋಯಿತು. ಆತ ಉಂಬ್ರಿಯಾದ ತ್ರಾಸಿಮೇನೊ ಸರೋವರದ ಬಳಿ ಜಮೀನಿಗೆ ಹೋಗಿ ದ್ರಾಕ್ಷಿ ಬೆಳೆದ, 1993ರಲ್ಲಿ ತೀರಿಕೊಳ್ಳುವವರೆಗೆ ಅದೇ ಬೇಸಾಯ. ತನ್ನ ವೈನಿಗೆ ಇಟ್ಟ ಹೆಸರು ಮಿಯುರಾದ ರಕ್ತ. ಗಾಂದೀನಿ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಲ್ಯಾಂಬೋರ್ಗಿನಿ ಹೆಸರಿನ ಟ್ರ್ಯಾಕ್ಟರುಗಳು ಈಗಲೂ ಬರುತ್ತಿವೆ. ಅವನ್ನು ಮಾಡುವ ಕಂಪನಿಗೆ ತಮಿಳುನಾಡಿನ ರಾಣಿಪೇಟೆಯಲ್ಲೂ ಕಾರ್ಖಾನೆಯಿದೆ. ಬೆಂಗಳೂರಿನಿಂದ ಎಷ್ಟು ಮಹಾ ದೂರ, ಇದನ್ನು ತಮ್ಮನಿಗೆ ಓದಿ ಹೇಳಿ.

ಇನ್ನು ಆ ಹುಡುಗ ಕೇಳಿದ ಪ್ರಶ್ನೆ. ಪೆಟ್ರೋಲಿನಿಂದ ಸೀಮೆಎಣ್ಣೆಗೆ ಕಾಕ್ ತಿರುಗಿಸುವ ಹೊತ್ತು ಬಂತೆಂದು ನಿಮ್ಮ ತಾತನಿಗೆ ಹೇಗೆ ತಿಳಿಯುತ್ತಿತ್ತು, ಮೀಟರ್ ಇತ್ತೇ ಎಂದ. ತಾತ ಸೈಲೆನ್ಸರಿನ ಹತ್ತಿರ ಕೈ ಒಡ್ಡುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಕಾವು ನೋಡುತ್ತಿದ್ದರೋ, ಸದ್ದು ಕೇಳುತ್ತಿದ್ದರೋ, ಹೊಗೆಯ ಬಣ್ಣ ನೋಡುತ್ತಿದ್ದರೋ ಗೊತ್ತಿಲ್ಲ. ಮುಂದಿನ ತಿಂಗಳು ಮತ್ತೆ ಬಂದು ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ರಾಗಿ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ, ನಿಧಾನವಾಗಿ ಕೂತು ಬರೆದು ಕಳಿಸಿ. ಪಂಪು ಶೆಡ್ಡಿನ ಮೂಲೆಯಲ್ಲಿ ಇನ್ನೂ ಇದ್ದರೆ ಒಂದು ಫೋಟೊ ತೆಗೆಸಿ ಕಳಿಸಿ. ತಮ್ಮ ಅದನ್ನು ಗುಜರಿಗೆ ಹಾಕುವ ಮಾತಾಡುತ್ತಿದ್ದ, ಬೇಡವೆಂದು ಹೇಳಿ.

ಇತಿ ನಿಮ್ಮ ಪ್ರೀತಿಯ ಮಗಳು