ಮಗಳಿಗೊಂದು ಪತ್ರ: ಆಪರೇಷನ್ ಬಗ್ಗೆ

ಪುಟ್ಟಿ,

ಫೋನಲ್ಲಿ ಈ ಮಾತೆತ್ತಿದರೆ ನಾನು ಅಳುತ್ತೇನೆ, ನೀನು ರೇಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಫಿಟ್ಸ್ ನಿಲ್ಲಿಸಲು ತಲೆಗೆ ಆಪರೇಷನ್ ಅಂದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತದೆ. ಆದರೆ ಸುಮ್ನಿದ್ದರೆ ಕ್ಷೇಮ ಅನ್ನುವ ಹಾಗೂ ಇಲ್ಲ, ಅಲ್ವಾ? ಸರಿಯಾದ ಎರಡು ಔಷಧಿಗೂ ಫಿಟ್ಸ್ ನಿಲ್ಲದಿದ್ದರೆ, ಮೂರನೆಯದಕ್ಕೆ ನಿಲ್ಲುವುದು ಅಪರೂಪ. ಬೀಳುವುದು, ಸುಟ್ಟುಕೊಳ್ಳುವುದು ಇದ್ದೇ ಇದೆ. ಬರೆಯಲು ಕೈ ಬರದ ಇನ್ನೊಂದೂ ಇದೆ: ಮೂರ್ಛೆರೋಗ ಇರುವ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೊಬ್ಬರು ಹಠಾತ್ತನೆ ಹೋಗಿಬಿಡುತ್ತಾರೆ, ಎಷ್ಟೋ ಸಲ ನಿದ್ದೆಯಲ್ಲೇ. ದೊಡ್ಡ ಫಿಟ್ಸ್ ಬರುತ್ತಲೇ ಇದ್ದರೆ ಆ ಅಪಾಯ ಇನ್ನೂ ಜಾಸ್ತಿ.

ನೀನು ಹೇಳಿದ ಕೆನಡಾದ ಅಧ್ಯಯನ ಓದಿದೆ, 2001ರದ್ದು. ನಿನ್ನ ಹಾಗೆ ಟೆಂಪೊರಲ್ ಲೋಬ್‌ನಿಂದ, ಅಂದರೆ ಮಿದುಳಿನ ಕಿವಿ ಪಕ್ಕದ ಭಾಗದಿಂದ, ಫಿಟ್ಸ್ ಬರುವ 80 ಜನ. ಒಂದು ವರ್ಷದ ಹೊತ್ತಿಗೆ, ಎಚ್ಚರ ತಪ್ಪಿಸುವ ಫಿಟ್ಸ್ ನಿಂತದ್ದು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 58 ಜನಕ್ಕೆ, ಬರೀ ಮಾತ್ರೆಯವರಲ್ಲಿ 8. ನೀನು 58 ನೋಡುತ್ತೀಯ. ನನ್ನ ಕಣ್ಣು ಹೋಗುವುದು ಉಳಿದ 42ರ ಮೇಲೆ.

ನಿನ್ನ ಫಿಟ್ಸ್ ಹುಟ್ಟುವುದು ಮಿದುಳಿನ ಎಡಗಡೆ, ಮಾತನ್ನು ನೋಡಿಕೊಳ್ಳುವ ಕಡೆ. ನೆನಪಿನ ಪರೀಕ್ಷೆಯಲ್ಲಿ ಅವರು ಓದಿದ ಪದಗಳನ್ನೆಲ್ಲ ಅರ್ಧ ಗಂಟೆ ಬಿಟ್ಟು ಒಪ್ಪಿಸಿದೆಯಲ್ಲ, ನನಗೆಷ್ಟು ಖುಷಿಯಾಗಿತ್ತು! ಆಮೇಲೆ ಡಾಕ್ಟರ್ ಹೇಳಿದರು, ನೆನಪು ಚೆನ್ನಾಗಿರುವವರಿಗೇ ಆಪರೇಷನ್ ಆದಮೇಲೆ ಅದು ಕುಂದುವ ಭಯ ಜಾಸ್ತಿಯಂತೆ. ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲಬಹುದು. ನೋಟದ ಮೇಲ್ಮೂಲೆ ಸ್ವಲ್ಪ ಹೋಗಬಹುದು, ಅದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲವಂತೆ. ಹಾಗಂತ ಫಿಟ್ಸ್ ಕೂಡ ನೆನಪನ್ನು ಹಾಗೇ ಬಿಡುವುದಿಲ್ಲ.

ನನಗೆ ನೀನು ಉಳಿದರೆ ಸಾಕು. ನಿನಗೆ ಅಷ್ಟು ಸಾಲದು. ಚಿಲಕ ಹಾಕಿಕೊಂಡು ಸ್ನಾನ ಮಾಡಬೇಕು. ಗಾಡಿ ಓಡಿಸಬೇಕು. ಪಾಠದ ನಡುವೆ ಫಿಟ್ಸ್ ಬಂದು ಬಾಯಿ ಚಪ್ಪರಿಸುತ್ತಾ, ಸೆರಗು ತಡವುತ್ತಾ ನಿಂತುಬಿಡಬಾರದು. ಆದರೆ ಅದೇ ತರಗತಿಯಲ್ಲಿ ಮಕ್ಕಳ ಹೆಸರೂ ಮರೆಯಬಾರದು. ಇದರಲ್ಲಿ ಯಾವುದು ಹೆಚ್ಚು ಅಂತ ಡಾಕ್ಟರಿಗೂ ಗೊತ್ತಿಲ್ಲ, ನನಗೂ ಇಲ್ಲ.

ಮುಂದಿನ ಸಲ ಹೋದಾಗ ಇಷ್ಟು ಕೇಳು: ಎಂಆರ್‌ಐ ಸ್ಕ್ಯಾನ್, ವಿಡಿಯೋ ತೆಗೆಯುತ್ತಾ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ವಿಡಿಯೋ ಇಇಜಿ, ಫಿಟ್ಸ್ ಶುರುವಾಗುವುದು ಎಲ್ಲಿ ಅಂತ ಎರಡೂ ಒಂದೇ ಜಾಗ ತೋರಿಸುತ್ತಿವೆಯಾ? ನನ್ನಂಥವರಿಗೆ ನೀವೇ ಮಾಡಿದ ಆಪರೇಷನ್‌ಗಳು ಏನಾದವು? ಮಾತ್ರೆ ಆಮೇಲೂ ಎಷ್ಟು ಕಾಲ? ಆಪರೇಷನ್ ಆದ ತಕ್ಷಣ ಮಾತ್ರೆ ಬಿಡುವ ಹಾಗಿಲ್ಲ, ನೆನಪಿರಲಿ.

ಬೇಡ ಅಂದರೂ ಸರಿ, ಇನ್ನಷ್ಟು ದಿನ ಯೋಚಿಸುತ್ತೇನೆ ಅಂದರೂ ಸರಿ. ಅಪ್ಪನಿಗೆ ನಾನು ಹೇಳುತ್ತೇನೆ.

ನಿನ್ನ ಅಮ್ಮ