ಆಗಸ್ಟ್ 20ರಂದು ರಾಸ್ ಕಂಡದ್ದೇನು?

ಸಂಪಾದಕರಿಗೆ,

ಪ್ರತಿವರ್ಷ ಆಗಸ್ಟ್ 20ರ ಸೊಳ್ಳೆ ದಿನ ಬಂತೆಂದರೆ ರೊನಾಲ್ಡ್ ರಾಸ್ ಅವರ ಪರಿಚಯ ಪತ್ರಿಕೆಗಳಲ್ಲಿ ಬರುತ್ತದೆ. ‘ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು 1897ರ ಈ ದಿನ ಸಿಕಂದರಾಬಾದಿನಲ್ಲಿ ಕಂಡುಹಿಡಿದರು’ ಎಂಬ ಒಂದು ವಾಕ್ಯ. ಹಿಂದೆಮುಂದೆ ಹುಟ್ಟೂರು ಅಲ್ಮೋರಾ, 1902ರ ನೊಬೆಲ್, ಸರ್ ಪದವಿ. ಆ ಒಂದು ವಾಕ್ಯವೇ ಸರಿಯಿಲ್ಲ. ವಿಜ್ಞಾನಿಗಳ, ವೈದ್ಯರ ಜೀವನಚರಿತ್ರೆ ಬರೆಯುವವರು ಎಲ್ಲಿ ಎಡವುತ್ತಾರೆಂದು ಅದರಿಂದಲೇ ತಿಳಿಯುತ್ತದೆ.

ಆ ದಿನ ರಾಸ್ ಕಂಡದ್ದು ಇಷ್ಟೇ. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೊಂದು ಆಣೆಯಂತೆ ಪಡೆದು ಕಚ್ಚಿಸಿಕೊಂಡಿದ್ದ. ಅವನ ರಕ್ತ ಹೀರಿ ನಾಲ್ಕು ದಿನ ಬದುಕಿದ್ದ, ರೆಕ್ಕೆಯಲ್ಲಿ ಮಚ್ಚೆಯಿದ್ದ ಸೊಳ್ಳೆಯೊಂದನ್ನು ಸೀಳಿದಾಗ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಮಲೇರಿಯಾ ರೋಗಾಣುವಿನಲ್ಲಿರುವಂಥದೇ ಕಪ್ಪು ಕಣಗಳಿದ್ದವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅಂಥವೇ ಕೋಶಗಳು, ಇನ್ನಷ್ಟು ಬೆಳೆದಿದ್ದವು. ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾದ ಲೇಖನದ ತಲೆಬರಹದಲ್ಲೇ ‘ಎರಡು ಸೊಳ್ಳೆಗಳಲ್ಲಿ’ ಎಂದಿದೆ. ಆ ಕೋಶದಿಂದ ರೋಗ ಮತ್ತೆ ಮನುಷ್ಯನಿಗೆ ಹೇಗೆ ದಾಟುತ್ತದೆ ಎಂಬುದು ಆಗ ಅವರಿಗೆ ಗೊತ್ತಿರಲಿಲ್ಲ. ಅದು ತಿಳಿಯುವ ಮೊದಲೇ ಅವರನ್ನು ಮಲೇರಿಯಾ ವಿರಳವಾಗಿದ್ದ ರಾಜಪುತಾನದ ಖೇರ್ವಾಡಾಕ್ಕೆ ವರ್ಗ ಮಾಡಿದರು. ಮುಂದಿನ ವರ್ಷ ಕಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು ಕೆಲಸ ಮಾಡಿದರು. 1898ರ ಜುಲೈಯಲ್ಲಿ ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಸೇರುವುದನ್ನು ಕಂಡು, ಆರೋಗ್ಯವಾಗಿದ್ದ ಹಕ್ಕಿಗಳಿಗೆ ಸೊಳ್ಳೆ ಕಚ್ಚಿಸಿ ರೋಗ ಬರಿಸಿ ತೋರಿಸಿದರು. ಮನುಷ್ಯನ ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆಯೇ ವಾಹಕವೆಂದು ಅದೇ ವರ್ಷದ ಕೊನೆಗೆ ತೋರಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು.

1897ರ ಆ ದಿನಕ್ಕೂ ಹಿಂದಿನ ಎರಡು ವರ್ಷ ಇನ್ನೂ ಸ್ವಾರಸ್ಯದ್ದು, ಅದೇ ನಮ್ಮ ಬರಹಗಳಲ್ಲಿ ಇರುವುದಿಲ್ಲ. ರಾಸ್ ಅವರ ಗುರು ಮ್ಯಾನ್ಸನ್, ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದು ನಂಬಿದ್ದರು. ಹಾಗಾಗಿ ರಾಸ್ ಸೊಳ್ಳೆ ಸತ್ತ ನೀರನ್ನು ಜನರಿಗೆ ಕುಡಿಸಿ ನೋಡಿದರು. ಸಿಕ್ಕಸಿಕ್ಕ ಸೊಳ್ಳೆಗಳನ್ನೆಲ್ಲ ಸೀಳಿದರು. ಅವು ಕ್ಯೂಲೆಕ್ಸ್, ಈಡಿಸ್ ಜಾತಿಯವು, ಅವುಗಳಲ್ಲಿ ಏನೂ ಸಿಗುವಂತಿರಲಿಲ್ಲ. ಕೀಟಶಾಸ್ತ್ರ ಅವರಿಗೆ ಬರುತ್ತಿರಲಿಲ್ಲ. ಇಷ್ಟು ಬರೆದರೆ ರಾಸ್ ಸಣ್ಣವರಾಗುತ್ತಾರೆಂಬ ಅಳುಕು ಏಕೋ! ತಪ್ಪು ಊಹೆ ಹಿಡಿದು ನಡೆದವರು ದಾರಿಗೆ ಬಂದದ್ದು ಹೇಗೆಂದು ಹೇಳದಿದ್ದರೆ ಉಳಿಯುವುದು ಹೊಗಳಿಕೆ ಮಾತ್ರ.

ಬೆಂಗಳೂರಿನ ನಂಟನ್ನೂ ಹೀಗೇ ಎಳೆಯುತ್ತಾರೆ. 1883ರಲ್ಲಿ ಇಲ್ಲಿ ದಂಡಿನ ವೈದ್ಯರಾಗಿದ್ದಾಗ, ನಿಂತ ನೀರು ಚೆಲ್ಲಿಸಿದರೆ ಬಂಗಲೆಯಲ್ಲಿ ಸೊಳ್ಳೆ ಕಡಿಮೆಯಾಗುವುದನ್ನು ರಾಸ್ ಗಮನಿಸಿದ್ದು ನಿಜ. ಅಲ್ಲಿಂದ ಸಿಕಂದರಾಬಾದಿಗೆ ನೇರ ಗೆರೆ ಎಳೆಯುವಂತಿಲ್ಲ. ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿ ಕಂಡಿದ್ದ ಮಲೇರಿಯಾ ರೋಗಾಣುವನ್ನು 1894ರಲ್ಲಿ ಮ್ಯಾನ್ಸನ್ ಲಂಡನ್ನಿನಲ್ಲಿ ತೋರಿಸುವವರೆಗೂ ರಾಸ್ ನಂಬಿರಲಿಲ್ಲ.

ಇಂಥ ಎಡವಟ್ಟು ತಪ್ಪಿಸಲು ದೊಡ್ಡ ಪಾಂಡಿತ್ಯ ಬೇಡ. ಬರೆಯುವ ಮೊದಲು ಒಂದು ಹಾಳೆಯಲ್ಲಿ ದಿನಾಂಕ, ಸ್ಥಳ, ಮಾಡಿದ ಕೆಲಸ, ಅದು ನಮಗೆ ತಿಳಿದದ್ದು ಯಾವುದರಿಂದ ಎಂದು ನಾಲ್ಕು ಕಾಲಂ ಎಳೆದುಕೊಳ್ಳಬೇಕು. ಕಂಡ ದಿನ, ಬರೆದ ದಿನ, ಅಚ್ಚಾದ ದಿನ ಬೇರೆಬೇರೆ ಸಾಲಿನಲ್ಲಿರಬೇಕು. ಸಿ.ವಿ. ರಾಮನ್ ಅವರ ‘ರಾಮನ್ ಪರಿಣಾಮ’ದ ವಿಷಯದಲ್ಲಿ ನೋಡಿ: ನೇಚರ್ ಪತ್ರಿಕೆಗೆ ಹೋದ ಟಿಪ್ಪಣಿಯ ತಾರೀಕು 1928ರ ಫೆಬ್ರುವರಿ 16, ಅದರಡಿ ರಾಮನ್ ಜೊತೆ ಕೆ.ಎಸ್. ಕೃಷ್ಣನ್ ಹೆಸರೂ ಇದೆ. ಚದುರಿದ ಬೆಳಕಿನಲ್ಲಿ ಹೊಸ ಬಣ್ಣ ಬೇರೆಯಾಗಿ ನಿಂತದ್ದು ರೋಹಿತದರ್ಶಕದಲ್ಲಿ ಕಂಡದ್ದು 28ರಂದು. ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ರಾಮನ್ ಅದನ್ನು ವಿವರಿಸಿದ್ದು ಮಾರ್ಚ್ 16ರಂದು. ನೇಚರ್‌ನಲ್ಲಿ ಟಿಪ್ಪಣಿ ಅಚ್ಚಾದದ್ದು 31ರಂದು. ಫೆಬ್ರುವರಿ 28 ಒಂದನ್ನೇ ಇಟ್ಟುಕೊಂಡರೆ ಕೃಷ್ಣನ್ ಮಾಯವಾಗುತ್ತಾರೆ, ಬೆಂಗಳೂರಿನ ಉಪನ್ಯಾಸವೂ ಮಾಯ. ಹಡಗಿನಲ್ಲಿ ಸಮುದ್ರದ ನೀಲಿ ನೋಡಿದ್ದು 1921ರ ಮಾತು. ಅದನ್ನು ಫೆಬ್ರುವರಿ 28ಕ್ಕೆ ಅಂಟಿಸಿ ಒಂದೇ ಗಳಿಗೆಯ ಹೊಳಹು ಮಾಡುವವರಿಗೂ ಕಡಿಮೆಯಿಲ್ಲ.

ನಾಲ್ಕನೆಯ ಕಾಲಂ ಖಾಲಿ ಉಳಿದ ಸಂಗತಿಯನ್ನು ಬಿಟ್ಟುಬಿಡುವುದೇ ಲೇಸು. ಆತ್ಮಕಥೆಯೊಂದೇ ಆಧಾರವಾದರೂ ಎಚ್ಚರ ಬೇಕು. ರಾಸ್ ತಮ್ಮದನ್ನು ಪ್ರಕಟಿಸಿದ್ದು 1923ರಲ್ಲಿ, ಗ್ರಾಸ್ಸಿ ಜೊತೆ ವರ್ಷಗಟ್ಟಲೆ ಜಗಳವಾಡಿದ ಮೇಲೆ. ಮ್ಯಾನ್ಸನ್‌ಗೆ ಆಗಿಂದಾಗ್ಗೆ ಬರೆದ ಪತ್ರಗಳು ಉಳಿದಿವೆ; ಎರಡೂ ಹೊಂದದ ಕಡೆ ಪತ್ರವನ್ನೇ ನಂಬಬೇಕು. ‘ಮೊದಲ’ ಎಂಬ ವಿಶೇಷಣಕ್ಕೂ ಇದೇ ಜರಡಿ. ಆನಂದಿಬಾಯಿ ಜೋಶಿ, ಕಾದಂಬಿನಿ ಗಂಗೂಲಿ ಇಬ್ಬರೂ 1886ರಲ್ಲೇ ವೈದ್ಯರಾದವರು, ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ಕಲ್ಕತ್ತದಲ್ಲಿ. ಆನಂದಿಬಾಯಿ ಮರುವರ್ಷವೇ ತೀರಿಕೊಂಡರು. ವೃತ್ತಿ ನಡೆಸಿದವರು ಕಾದಂಬಿನಿ. ಯಾವುದರಲ್ಲಿ ಮೊದಲು ಎಂದು ಬರೆಯದ ‘ಮೊದಲ’ಕ್ಕೆ ಅರ್ಥವಿಲ್ಲ.

ನಮ್ಮೂರುಗಳ ವೈದ್ಯರ ಬಗ್ಗೆ ಬರೆಯುವುದು ಇನ್ನೂ ಕಷ್ಟ. ಅಭಿನಂದನ ಗ್ರಂಥಗಳ ತುಂಬ ಕೈಗುಣದ ಹೊಗಳಿಕೆ, ಔಷಧದ ಹೆಸರೇ ಇಲ್ಲ. ಹಿರಿಯ ವೈದ್ಯರನ್ನು ಮಾತಾಡಿಸುವಾಗ ಸಾಧನೆ ಕೇಳಬೇಡಿ. ಬೀರುವಿನಲ್ಲಿ ಆಗ ಯಾವ ಔಷಧಗಳಿದ್ದವು, ಸೂಜಿ ಕುದಿಸಲು ಏನಿತ್ತು, ಎಂಥ ರೋಗಿಯನ್ನು ಜಿಲ್ಲಾಸ್ಪತ್ರೆಗೆ ಕಳಿಸುತ್ತಿದ್ದರು, ಫೀಸೆಷ್ಟು ಎಂದು ಕೇಳಿ. ಹೇಳಿದ್ದನ್ನು ಔಷಧಗಳ ಇತಿಹಾಸದೊಂದಿಗೆ ತಾಳೆ ನೋಡಿ. ಇನ್ಸುಲಿನ್ ಮೊದಲ ರೋಗಿಗೆ ಸಿಕ್ಕಿದ್ದು 1922ರಲ್ಲಿ. ಆಕ್ಸ್‌ಫರ್ಡಿನಲ್ಲಿ ಪೊಲೀಸ್ ಪೇದೆಯೊಬ್ಬರಿಗೆ ಪೆನಿಸಿಲಿನ್ ಕೊಟ್ಟದ್ದು 1941ರಲ್ಲಿ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. 1938ರಲ್ಲಿ ಸ್ಟ್ರೆಪ್ಟೊಮೈಸಿನ್ ಕೊಟ್ಟು ಕ್ಷಯ ವಾಸಿಮಾಡಿದರೆಂದು ಯಾರಾದರೂ ಬರೆದರೆ ವರ್ಷ ತಪ್ಪಿರಬೇಕು, ಇಲ್ಲವೇ ಔಷಧ. ವೈದ್ಯರು ಸುಳ್ಳು ಹೇಳಿದರೆಂದಲ್ಲ. ನೆನಪು ಹತ್ತು ವರ್ಷ ಹಿಂದೆಮುಂದೆ ಜಾರುವುದು ಸಹಜ.

ರೋಗಿಯ ಗುಟ್ಟಿನ ಬಗ್ಗೆ ಒಂದು ಮಾತು. ಹೆಸರು ಬದಲಿಸಿದರೆ ಸಾಲದು. ಸಣ್ಣ ಊರಿನಲ್ಲಿ ರೋಗ, ಊರು, ವರ್ಷ ಮೂರೂ ಕೂಡಿದರೆ ಆ ಮನೆ ಯಾವುದೆಂದು ಎಲ್ಲರಿಗೂ ತಿಳಿಯುತ್ತದೆ. ಬಿಡುವುದಿದ್ದರೆ ಊರನ್ನು ಬಿಡಿ; ರೋಗ, ವರ್ಷ ಬಿಟ್ಟರೆ ವೈದ್ಯರು ಮಾಡಿದ್ದೇನೆಂಬುದೇ ಹೊರಟುಹೋಗುತ್ತದೆ.

– ಓದುಗ, ಮೈಸೂರು