ಮಂಡಿ ಬದಲಿ ಶಸ್ತ್ರಚಿಕಿತ್ಸೆ: ಗಾಯದ ಉದ್ದವನ್ನಷ್ಟೇ ನೋಡಬೇಡಿ

ಮಾನ್ಯ ಸಂಪಾದಕರೇ,

ಸಂಪೂರ್ಣ ಮಂಡಿ ಬದಲಿ ಶಸ್ತ್ರಚಿಕಿತ್ಸೆಯನ್ನು ‘ಚಿಕ್ಕ ಗಾಯ, ಬೇಗ ಮನೆಗೆ’ ಎಂದು ಪರಿಚಯಿಸುವ ಬರಹ, ಜಾಹೀರಾತುಗಳನ್ನು ಓದಿ ನಿರ್ಧಾರ ಕೈಗೊಳ್ಳುವ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಸಾಂಪ್ರದಾಯಿಕ ವಿಧಾನದಲ್ಲಿ 20ರಿಂದ 30 ಸೆಂ.ಮೀ. ಉದ್ದಕ್ಕೆ ಚರ್ಮ ಕೊಯ್ಯುವಲ್ಲಿ, ಈ ಚಿಕ್ಕ ಗಾಯದ ಹೊಸ ವಿಧಾನಕ್ಕೆ 10ರಿಂದ 15 ಸೆಂ.ಮೀ. ಸಾಕಾಗುತ್ತದೆ ಎಂಬುದು ನಿಜ. ಆದರೆ ಅದರ ತಿರುಳಿರುವುದು ಚರ್ಮದಡಿಯಲ್ಲಿ. ಹಳೆಯ ಪದ್ಧತಿಯಲ್ಲಿ ತೊಡೆಯ ಮುಂಭಾಗದ ಸ್ನಾಯುಗಳ ರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿ) ಉದ್ದುದ್ದ ಸೀಳಿ, ಮಂಡಿಚಿಪ್ಪನ್ನು ಮಗುಚಿ ಕೀಲನ್ನು ತೆರೆಯುವುದು ವಾಡಿಕೆ. ಹೊಸ ವಿಧಾನದ ಬಗೆಗಳ ಪೈಕಿ ಸಬ್‌ವಾಸ್ಟಸ್ ವಿಧಾನದಲ್ಲಿ ಒಳಬದಿಯ ಸ್ನಾಯುವನ್ನು ಕತ್ತರಿಸದೆ ಕೆಳಗಿನಿಂದ ಎತ್ತಿ, ಮಿಡ್‌ವಾಸ್ಟಸ್ ವಿಧಾನದಲ್ಲಿ ಅದರ ಎಳೆಗಳನ್ನು ಸ್ವಲ್ಪವೇ ಬಿಡಿಸಿ, ಚಿಪ್ಪನ್ನು ಮಗುಚದೆ ಪಕ್ಕಕ್ಕೆ ಸರಿಸುತ್ತಾರೆ. ಮಡಚಿದ ಕಾಲನ್ನು ನೇರ ಚಾಚುವ ಬಲ ಈ ಸ್ನಾಯುಗಳದ್ದೇ ಆದ್ದರಿಂದ ಮೊದಲ ಕೆಲವು ವಾರ ನೋವು ಕಡಿಮೆಯಿದ್ದು, ಮಂಡಿ ಬೇಗ ಮಡಚಲು ಬರುವುದುಂಟು. ಆದರೆ ಕೆಲವು ತಿಂಗಳು ಕಳೆದ ಮೇಲೆ ಎರಡೂ ಬಗೆಯವರ ನಡಿಗೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲದೆ ಬೇಗ ಎದ್ದು ಓಡಾಡುವುದರಲ್ಲಿ ಸುಧಾರಿತ ನೋವು ನಿವಾರಣಾ ಕ್ರಮ ಮತ್ತು ಒಂದೆರಡು ದಿನದೊಳಗೇ ಶುರುವಾಗುವ ಫಿಸಿಯೊಥೆರಪಿಯ ಪಾಲೂ ದೊಡ್ಡದು. ಇವು ಹಳೆಯ ವಿಧಾನದವರಿಗೂ ದೊರೆಯಬಲ್ಲವು.

ಒಳಗೆ ಕೂರಿಸುವ ಲೋಹದ ಭಾಗಗಳಾಗಲಿ, ಅವುಗಳ ನಡುವಿನ ಪಾಲಿಎಥಿಲೀನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬಿಲ್ಲೆಯಾಗಲಿ ಗಾಯ ಚಿಕ್ಕದೆಂದು ಚಿಕ್ಕದಾಗುವುದಿಲ್ಲ. ಇಕ್ಕಟ್ಟಿನಲ್ಲಿ ಅವನ್ನು ಜೋಡಿಸುವಾಗ ವೈದ್ಯರಿಗೆ ಕಾಣುವುದು ಕಡಿಮೆ, ಸಮಯ ಹೆಚ್ಚು ಹಿಡಿಯಬಹುದು, ಗಾಯದ ಅಂಚು ಎಳೆತಕ್ಕೆ ಸಿಕ್ಕಿ ಹಾಳಾಗಬಹುದು. ನನಗೆ ಹೆಚ್ಚು ಆತಂಕ ತರುವುದು ಜೋಡಣೆಯ ವಿಷಯ. ಸೊಂಟದ ಕೀಲಿನಿಂದ ಪಾದದ ಕೀಲಿನವರೆಗಿನ ನೇರ ಗೆರೆಯಿಂದ 3 ಡಿಗ್ರಿಗಿಂತ ಹೆಚ್ಚು ವಾಲದಂತೆ ಕೂರಿಸಬೇಕೆಂಬುದು ಬಹುಕಾಲದಿಂದ ಪಾಲಿಸಿಕೊಂಡು ಬಂದ ಗುರಿ. ಜೋಡಣೆ ತೀರಾ ವಾಲಿದರೆ ಬಿಲ್ಲೆಯ ಒಂದು ಬದಿ ಬೇಗ ಸವೆದು, ಭಾಗಗಳು ಸಡಿಲಗೊಂಡು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. 15–20 ವರ್ಷ ಬಾಳಬೇಕಾದ ಕೀಲನ್ನು ಕೆಲವು ವಾರಗಳ ಅನುಕೂಲಕ್ಕಾಗಿ ಪಣಕ್ಕಿಡುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ನುರಿತ ಕೈಗಳಲ್ಲಿ ಈ ಅಪಾಯ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೂ ತೂಕ ತೀರಾ ಹೆಚ್ಚಿರುವವರು, ಕಾಲು ಬಹಳ ಬಾಗಿರುವವರು, ಮಂಡಿ ಬಿಗಿದುಕೊಂಡಿರುವವರು ಮತ್ತು ಅಲ್ಲಿ ಮೊದಲೇ ದೊಡ್ಡ ಶಸ್ತ್ರಚಿಕಿತ್ಸೆ ಆಗಿರುವವರಿಗೆ ಈ ವಿಧಾನ ಸಾಮಾನ್ಯವಾಗಿ ಹೊಂದುವುದಿಲ್ಲ.

ತಮ್ಮ ಆರೋಗ್ಯ ಪುಟದಲ್ಲಿ ಈ ವಿಧಾನದ ಬಗ್ಗೆ ಬರೆಸುವಾಗ, ಅದು ಯಾರಿಗೆ ಹೊಂದುವುದಿಲ್ಲ ಎಂಬುದನ್ನೂ, ಇಂತಹ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೀರಿ, ಅಗತ್ಯ ಬಿದ್ದರೆ ಗಾಯವನ್ನು ಉದ್ದ ಮಾಡುತ್ತೀರಾ ಎಂದು ರೋಗಿಯು ವೈದ್ಯರನ್ನು ಕೇಳಬಹುದು ಎಂಬುದನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ